ಚುಂಚನಕಟ್ಟೆಯ ಜಾತ್ರೆಮಾಳದಲ್ಲಿ

ವಿರಾಟಪರ್ವದ ಗೋಗ್ರಹಣ ಪ್ರಸಂಗವನ್ನು ಪಾಠ ಹೇಳುವಾಗಲೆಲ್ಲ ವಿದ್ಯಾರ್ಥಿಗಳನ್ನು ಒಂದು ಪ್ರಶ್ನೆ ಕೇಳುವ ಚಪಲ ನನಗುಂಟು. ಎತ್ತಿನ ಕೊರಳ ಕೆಳಗೆ ಮಡಿಕೆ ಮಡಿಕೆಯಾಗಿ ಜೋಲುವ ತೊಗಲಿಗೆ ಏನೆಂದು ಹೆಸರು? ನಮ್ಮ ಕಾಲೇಜಿಗೆ ಬರುವ ಮಕ್ಕಳು ಬಹುಮಟ್ಟಿಗೆ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ಒಕ್ಕಲು ಮನೆಗಳವರು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಈ ಪ್ರಶ್ನೆಗೆ ಅರ್ಧ ತರಗತಿ ಒಟ್ಟಿಗೆ ಉತ್ತರ ಹೇಳುತ್ತಿದ್ದಿತು. ಮೇಷ್ಟರಿಗೆ ಇಷ್ಟೂ ತಿಳಿಯದೆ ಎಂಬ ನಗೆಯೂ ಅದರ ಬೆನ್ನಿಗೇ ಬರುತ್ತಿದ್ದಿತು. ಈಚೆಗೆ ಒಂದು ದಿನ ಅದೇ ಪ್ರಶ್ನೆಯನ್ನು ಕೇಳಿದಾಗ ತರಗತಿ ಮೌನವಾಯಿತು. ಕೊನೆಗೆ ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು, “ಗಂಗೆದೊಗಲು ಅಂತ ನಮ್ಮಜ್ಜಿ ಅನ್ನೋರು ಸಾರ್” ಎಂದಳು. ‘ಅನ್ನೋರು’ ಎಂಬ ಆ ಭೂತಕಾಲ ನನ್ನ ಮನಸ್ಸಿನಲ್ಲಿ ಬಹಳ ಹೊತ್ತು ನಿಂತಿತು.

ದನವೆಂಬ ನಮ್ಮ ಮಾತು ಸಂಸ್ಕೃತದ ಧನದ ತದ್ಭವ. ಲ್ಯಾಟಿನ್ ಭಾಷೆಯಲ್ಲಿಯೂ ದನವನ್ನು ಹೇಳುವ ಪೆಕುಸ್ ಎಂಬ ಮಾತಿನ ಬಳಗದಲ್ಲಿಯೇ ಹಣವನ್ನು ಹೇಳುವ ಪೆಕೂನಿಯ ಇದೆ. ಇದು ಭಾಷಾಶಾಸ್ತ್ರದ ಪುಸ್ತಕಗಳಲ್ಲೆಲ್ಲ ಬರುವ ಸಂಗತಿ. ಆದರೆ ಸಾಹಿತ್ಯದ ಪುಟವನ್ನು ತೆರೆಯುವ ವಾಚಕರಿಗೆ ಇದಕ್ಕಿಂತಲೂ ಹತ್ತಿರದ ನಂಟೊಂದಿದೆ. ಕವಿಗೋಷ್ಠಿ, ವಿಚಾರಗೋಷ್ಠಿಗಳಲ್ಲಿ ನಾವು ಅಷ್ಟು ಗಾಂಭೀರ್ಯದಿಂದ ಬಳಸುವ ಗೋಷ್ಠಿಯ ಹಿಂದಿರುವುದು ಗೋಷ್ಠ. ಗೋಷ್ಠವೆಂದರೆ ಹಸುಗಳು ನಿಲ್ಲುವ ತಾಣ, ದೊಡ್ಡಿ. ಸಂಶೋಧಕರಿಗೆ ಪ್ರಿಯವಾದ ಗವೇಷಣೆಯೂ ಮೂಲದಲ್ಲಿ ಹಸುವನ್ನು ಅರಸಿ ಹೊರಡುವುದೇ ಆಗಿದ್ದಿತು. ಹೀಗಿರುವಲ್ಲಿ, ವರ್ಷಕ್ಕೆ ನಾಲ್ಕು ಗೋಷ್ಠಿಗಳ ವೇದಿಕೆಯೇರುವ ನನ್ನಂಥವನು ವರ್ಷಕ್ಕೊಮ್ಮೆಯಾದರೂ ಮೂಲ ಗೋಷ್ಠಿಗೆ ಹೋಗಿಬರುವುದು ಧರ್ಮವೆಂದು ತೋರಿತು. ನಮ್ಮ ಸೀಮೆಗೆ ಆ ಗೋಷ್ಠಿ ಚುಂಚನಕಟ್ಟೆಯ ದನಗಳ ಜಾತ್ರೆ.

ಚುಂಚನಕಟ್ಟೆ ಕೃಷ್ಣರಾಜನಗರದ ಕಡೆ ಕಾವೇರಿಯ ದಡದಲ್ಲಿದೆ. ಹೊಳೆ ಇಲ್ಲಿ ಬಂಡೆಗಳ ನಡುವೆ ಸೀಳಿ ಸುಮಾರು ಅರವತ್ತು ಅಡಿ ಕೆಳಕ್ಕೆ ಧುಮುಕುತ್ತದೆ. ದಡದ ಮೇಲೆ ಕೋದಂಡರಾಮನ ಗುಡಿ. ಅಲ್ಲಿ ಸೀತೆ ರಾಮನ ಬಲಗಡೆ ನಿಂತಿರುವುದು ವಿಶೇಷ. ಚುಂಚ, ಚುಂಚಿ ಎಂಬ ಕಾಡಿನ ದಂಪತಿಗಳು ವನವಾಸದ ರಾಮನನ್ನು ಸತ್ಕರಿಸಿದರೆಂದೂ ಊರಿನ ಹೆಸರು ಅವರಿಂದಲೇ ಬಂದುದೆಂದೂ ಸ್ಥಳಪುರಾಣ ಹೇಳುತ್ತದೆ. ಹೊರಗೆ ಅಷ್ಟು ಮೊರೆಯುವ ಜಲಪಾತ ಗರ್ಭಗುಡಿಯೊಳಗೆ ಕೇಳಿಸುವುದಿಲ್ಲವೆಂಬುದು ಇನ್ನೊಂದು ಪ್ರತೀತಿ. ಹಾಗಾದರೆ ಎತ್ತಿನ ಗೆಜ್ಜೆಯೂ ದೇವರಿಗೆ ಕೇಳಿಸದೆ ಎಂದು ಹುಡುಗನಾಗಿದ್ದಾಗ ನಾನು ಕೇಳಿದೆನಂತೆ. “ಅದ ಕೇಳಕ್ಕೇಂತ್ಲೇ ಹೊಳೆ ಸದ್ದ ನಿಲ್ಲಿಸವ್ನೆ” ಎಂದು ನಮ್ಮಪ್ಪ ಹೇಳಿದನಂತೆ. ಪುರಾಣಗಳು ಹುಟ್ಟುವ ಬಗೆ ಇದೇ ಇರಬೇಕು.

ಜನವರಿಯ ಮೊದಲ ವಾರದಲ್ಲಿ ದನ ಸೇರತೊಡಗುತ್ತದೆ. ಸಂಕ್ರಾಂತಿಯ ಆಸುಪಾಸಿಗೆ ರಥೋತ್ಸವ. ಈ ಕಾಲವನ್ನು ಗೊತ್ತುಮಾಡಿದವನು ಜೋಯಿಸನೋ ಆರಂಬಗಾರನೋ ಎಂದು ನನಗೆ ಅನುಮಾನ. ರಾಗಿ ಕುಯಿಲು ಮುಗಿದಿರುತ್ತದೆ, ಮೆದೆ ಒಟ್ಟಿರುತ್ತದೆ, ಕೈಯಲ್ಲಿ ಒಂದಿಷ್ಟು ಕಾಸು ಓಡಾಡುತ್ತಿರುತ್ತದೆ, ದನಕ್ಕೂ ಆಳಿಗೂ ಬಿಡುವು. ಈಗ ಕೊಂಡ ಜೋಡಿಯನ್ನು ಯುಗಾದಿಯ ಹೊನ್ನಾರಿನ ಹೊತ್ತಿಗೆ ನೊಗಕ್ಕೆ ಹೊಂದಿಸಿಕೊಳ್ಳಲು ಎರಡು ತಿಂಗಳು ಸಿಗುತ್ತದೆ. ಡಿಸೆಂಬರಿನಲ್ಲಿ ದೊಡ್ಡಬಳ್ಳಾಪುರದ ಕಡೆಯ ಘಾಟಿ ಸುಬ್ರಹ್ಮಣ್ಯ, ಆಮೇಲೆ ಚುಂಚನಕಟ್ಟೆ, ಅದರ ಹಿಂದೆಯೇ ಕೃಷ್ಣರಾಜಪೇಟೆಯ ಹೇಮಗಿರಿ, ತಿರುಮಕೂಡಲಿನ ಕಡೆಯ ಮುಡುಕುತೊರೆ, ನಂಜನಗೂಡಿನ ಕಡೆಯ ಸುತ್ತೂರು, ಶಿವರಾತ್ರಿಯ ಹೊತ್ತಿಗೆ ತುಮಕೂರಿನ ಸಿದ್ಧಗಂಗೆ. ಪಂಚಾಂಗದಲ್ಲಿ ಒಂದೊಂದು ದೇವರ ಉತ್ಸವವಾಗಿ ಕಾಣುವ ಇವೆಲ್ಲ ಒಕ್ಕಲಿಗನ ಕಣ್ಣಿಗೆ ಒಂದೇ ಸರಪಳಿಯ ಕೊಂಡಿಗಳು. ಒಂದರಲ್ಲಿ ಕುದುರದ ವ್ಯಾಪಾರ ಇನ್ನೊಂದರಲ್ಲಿ ಕುದುರುತ್ತದೆ. ಬಿಹಾರದ ಸೋನ್‌ಪುರದಲ್ಲಿ, ರಾಜಸ್ಥಾನದ ಪುಷ್ಕರದಲ್ಲಿ ಕಾರ್ತಿಕ ಹುಣ್ಣಿಮೆಯ ಸ್ನಾನಕ್ಕೂ ಜಾನುವಾರಿನ ವ್ಯಾಪಾರಕ್ಕೂ ಬಿದ್ದಿರುವ ಗಂಟು ಇದೇ ಜಾತಿಯದು. ಜಾತ್ರೆಯೆಂಬ ಮಾತು ಯಾತ್ರೆಯ ಇನ್ನೊಂದು ರೂಪವಲ್ಲವೆ? ಅಲ್ಲಿಗೆ ನಡೆದು ಹೋಗಬೇಕು.

ನಾವು ನಡೆದೇ ಹೋಗುತ್ತಿದ್ದೆವು. ನನಗೆ ಚೆನ್ನಾಗಿ ನೆನಪಿರುವುದು 1989ರ ಜಾತ್ರೆ; ಆಗ ನನಗೆ ಹತ್ತು ವರ್ಷ. ನಮ್ಮ ಊರು ಕಂಪಲಾಪುರ, ಹುಣಸೂರಿನಿಂದ ಪಿರಿಯಾಪಟ್ಟಣಕ್ಕೆ ಹೋಗುವ ಹೆದ್ದಾರಿಯ ಮೇಲಿದೆ. ಅಲ್ಲಿಂದ ಚುಂಚನಕಟ್ಟೆಗೆ ಎತ್ತಿನ ಹೆಜ್ಜೆಯಲ್ಲಿ ಎರಡು ದಿನ. ಬೆಳಗಿನ ಜಾವ ಕೋಳಿ ಕೂಗುವ ಮೊದಲೇ ಐದಾರು ಮನೆಯವರು ತಮ್ಮ ತಮ್ಮ ಜೋಡಿಗಳನ್ನು ಹಿಡಿದು ಹೊರಟರು. ಹಿಂದೆ ಒಂದು ಗಾಡಿ. ಅದರಲ್ಲಿ ಹುಲ್ಲು, ಹುರುಳಿ, ಹಿಂಡಿ, ರಾಗಿಹಿಟ್ಟಿನ ಚೀಲ, ಗಡಿಗೆ, ಕಂಬಳಿ. ಮಾರುವ ಎತ್ತಿನ ಕೊರಳಿಗೆ ನೊಗ ತಾಗಿಸಬಾರದೆಂದು ಗಾಡಿಗೆ ಬೇರೆಯ ಮುದಿ ಎತ್ತುಗಳನ್ನು ಹೂಡಿದ್ದರು. ಹೊಸದಾಗಿ ಲಾಳ ಕಟ್ಟಿಸಿಕೊಂಡ ಹೋರಿಗಳ ಕಾಲಿನ ಟಕಟಕ ಸದ್ದು ಆ ಚಳಿಯಲ್ಲಿ ಬಹುದೂರ ಕೇಳುತ್ತಿದ್ದಿತು. ರಾತ್ರಿ ಹುಣಸೂರನ್ನು ದಾಟಿ ಲಕ್ಷ್ಮಣತೀರ್ಥದ ಬಳಿ ಬೀಡುಬಿಟ್ಟೆವು. ಕಲ್ಲು ಹೂಡಿ ಮುದ್ದೆ ಬೇಯಿಸಿದರು. ಅಂದು ತಿಂದ ಹುರುಳಿಕಾಳಿನ ಸಾರಿನ ರುಚಿಯನ್ನು ವರ್ಣಿಸಹೊರಟರೆ ಈ ಪುಟ ಸಾಲದು.

ಆ ರಾತ್ರಿ ನಾವು ಮಲಗಿದ ಹುಣಸೂರಿಗೆ ದನದ ಚರಿತ್ರೆಯಲ್ಲಿ ಎಂಥ ಸ್ಥಾನವುಂಟೆಂಬುದು ನನಗೆ ತಿಳಿದುದು ಬಹಳ ವರ್ಷಗಳ ಮೇಲೆ, ಗ್ರಂಥಾಲಯದಲ್ಲಿ ಕುಳಿತು. ಶ್ರೀರಂಗಪಟ್ಟಣದಲ್ಲಿ ವಿಜಯನಗರದ ಪ್ರತಿನಿಧಿಗಳಿದ್ದ ಕಾಲದಲ್ಲಿ ಕರುಹಟ್ಟಿಯೆಂದು ಮೊದಲಾದ ಒಂದು ಮಂದೆ, ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿಯೆಂಬ ಇಲಾಖೆಯಾಗಿ ಬೆಳೆದು, ಟಿಪ್ಪುವಿನ ಕಾಲಕ್ಕೆ ಅಮೃತ್ ಮಹಲ್ ಎಂಬ ಹೆಸರನ್ನು ಪಡೆಯಿತು. ಹೆಸರು ಬೆಣ್ಣೆಯದು, ಅಮೃತದ್ದು; ಕೆಲಸ ಮಾತ್ರ ಫಿರಂಗಿ ಎಳೆಯುವುದು. ಹಳ್ಳಿಕಾರ್, ಹಾಗಲವಾಡಿ, ಚಿತ್ರದುರ್ಗದ ದನಗಳಿಂದ ತೆಗೆದ ಈ ತಳಿಯ ಎತ್ತುಗಳ ಬಲದಿಂದಲೇ ಹೈದರನ ಸೈನ್ಯ ಎರಡೂವರೆ ದಿನಗಳಲ್ಲಿ ನೂರು ಮೈಲಿ ನಡೆದು ಚಿದಂಬರವನ್ನು ಮುಟ್ಟಿತೆಂದು ಇತಿಹಾಸಕಾರರು ಬರೆದಿದ್ದಾರೆ. 1799ರ ಅನಂತರ ಇದು ಇಂಗ್ಲಿಷರ ಮದರಾಸು ಸೈನ್ಯದ ಕೈಸೇರಿತು. ಅದರ ಮುಖ್ಯ ಠಾಣ್ಯ ಬಹುಕಾಲ ನಮ್ಮ ಹುಣಸೂರಿನಲ್ಲಿಯೇ ಇದ್ದಿತು. 1860ರಲ್ಲಿ ಮದರಾಸಿನ ಗವರ್ನರಾಗಿದ್ದ ಟ್ರೆವೆಲಿಯನ್ನನು ಖರ್ಚು ಹೆಚ್ಚೆಂದು ಈ ಮಂದೆಯನ್ನು ಮಾರಿಸಿಬಿಟ್ಟ. ಇನ್ನೊಂದು ಆರು ವರ್ಷದಲ್ಲಿ, ಅಂಥ ಎತ್ತು ಬೇರೆಲ್ಲಿಯೂ ಸಿಗದೆಂದು ಕಂಡುಕೊಂಡು, ಮತ್ತೆ ದನ ಕೂಡಿಸತೊಡಗಿದರು. 1882ರಲ್ಲಿ ಮೈಸೂರು ಸರ್ಕಾರ ಅದನ್ನು ಎರಡೂಕಾಲು ಲಕ್ಷ ರೂಪಾಯಿಗೆ ಕೊಂಡುಕೊಂಡಿತು. ತನ್ನ ನೆಲದಲ್ಲೇ ಹುಟ್ಟಿದ ದನವನ್ನು ತಾನೇ ದುಡ್ಡು ಕೊಟ್ಟು ಕೊಂಡ ಸಂಸ್ಥಾನ ನಮ್ಮದು! ಮಾರುವುದು ಒಂದು ರುಜುವಿನ ಕೆಲಸ, ಮತ್ತೆ ಕೂಡಿಸುವುದು ತಲೆಮಾರುಗಳ ಕೆಲಸ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ತಿಳಿಯದು.

ಮತ್ತೆ 1989ಕ್ಕೆ ಬರೋಣ. ಎರಡನೆಯ ದಿನ ಇಳಿಹೊತ್ತಿನಲ್ಲಿ ಜಾತ್ರೆಮಾಳ ಕಣ್ಣಿಗೆ ಬಿದ್ದಾಗ ನನಗೆ ಕಂಡುದು ದನವಲ್ಲ, ಕೊಂಬು. ಹಿಂದಕ್ಕೆ ಬಾಗಿ ತುದಿಯಲ್ಲಿ ಮುಂದಕ್ಕೆ ತಿರುಗಿದ ಹಳ್ಳಿಕಾರ್ ಕೊಂಬುಗಳು, ಬಣ್ಣ ಬಳಿದವು, ತುದಿಗೆ ಹಿತ್ತಾಳೆಯ ಅಣಸು ತೊಡಿಸಿದವು, ಮಾಳದ ತುಂಬ. ಸಾಲುಸಾಲಾಗಿ ಗೂಟ ಹೊಡೆದು ಒಂದೊಂದು ಊರಿನವರು ಒಂದೊಂದು ಕಡೆ ಇಳಿದುಕೊಂಡಿದ್ದರು. ಯಾವ ಊರು ಯಾವ ಮರದ ಕೆಳಗೆ ಎಂಬುದು ಯಾರೂ ಬರೆದಿಡದ ಕಟ್ಟಳೆ. ಹೋದ ವರ್ಷ ಇಳಿದಲ್ಲಿಯೇ ಈ ವರ್ಷವೂ. ಬಳ್ಳಾರಿ, ಹಾವೇರಿ, ಧಾರವಾಡದ ಕಡೆಯಿಂದ ಬಂದ ಕೊಳ್ಳುವವರ ಕನ್ನಡವನ್ನು ನಾನು ಮೊದಲು ಕೇಳಿದುದು ಅಲ್ಲಿಯೇ. ಅವರು ‘ಹೌದ್ರೀ’ ಎಂದಾಗಲೆಲ್ಲ ನಾವು ಹುಡುಗರು ನಗುತ್ತಿದ್ದೆವು. ಉಪಭಾಷೆಗಳ ವಿಷಯವಾಗಿ ಆಮೇಲೆ ಎಂ.ಎ. ತರಗತಿಯಲ್ಲಿ ಓದಿದುದು ಆ ನಗೆಯ ಪ್ರಾಯಶ್ಚಿತ್ತವೆಂದೇ ತಿಳಿದಿದ್ದೇನೆ.

ಈ ಗೋಷ್ಠಿಯಲ್ಲಿ ಎಲ್ಲರೂ ಪಂಡಿತರೇ. ಎತ್ತಿನ ವಯಸ್ಸನ್ನು ಒಡೆಯನ ಬಾಯಿಂದ ಕೇಳುವುದಿಲ್ಲ, ಎತ್ತಿನ ಬಾಯಿಂದ ಓದುತ್ತಾರೆ. ದನಕ್ಕೆ ಮುಂದಿನ ಮೇಲುಹಲ್ಲಿಲ್ಲ, ಕೆಳಗೆ ಎಂಟು. ಹಾಲುಹಲ್ಲು ಬಿದ್ದು ನಡುವಿನ ಜೋಡಿ ಬಂದರೆ ಎರಡು ಹಲ್ಲಿನದು, ಎಂದರೆ ಎರಡು ವರ್ಷದ ಮೇಲೆ. ಆಮೇಲೆ ನಾಲ್ಕು ಹಲ್ಲಿನದು, ಆರು ಹಲ್ಲಿನದು. ಎಂಟೂ ಬಂದ ಮೇಲೆ ‘ಬಾಯಿಗೂಡಿತು’ ಎನ್ನುತ್ತಾರೆ. ಬಾಯಿಗೂಡುವುದು! ಈ ಕ್ರಿಯಾಪದವನ್ನು ಯಾವ ಕವಿಯಾದರೂ ಬಳಸಿದ್ದರೆ ನಾವು ಅದಕ್ಕೆ ಟಿಪ್ಪಣಿ ಬರೆದು ಮೆಚ್ಚುತ್ತಿದ್ದೆವು. ಹಲ್ಲಾದ ಮೇಲೆ ಸುಳಿ. ಹಣೆ, ಬೆನ್ನು, ಹಿಣಿಲು, ಪಕ್ಕೆಗಳಲ್ಲಿ ಕೂದಲು ಸುತ್ತಿಕೊಂಡ ಬಗೆಯನ್ನು ನೋಡಿ ಇದು ಮನೆಗೆ ಏಳಿಗೆ, ಇದು ಯಜಮಾನನಿಗೆ ಆಗಿಬರದು ಎಂದು ಹೇಳುವ ಶಾಸ್ತ್ರ ಅದು. ವಿಜ್ಞಾನಕ್ಕೆ ಇದು ಒಪ್ಪಿಗೆಯಾಗಲಾರದು. ಆದರೆ ಸುಳಿಯ ನೆಪದಲ್ಲಿ ಆ ಜನ ಎತ್ತಿನ ಮೈಯ ಅಂಗುಲ ಅಂಗುಲವನ್ನೂ ನೋಡುತ್ತಿದ್ದರೆಂಬುದು ಸುಳ್ಳಲ್ಲ. ಗೊರಸು ಒಡೆದಿದೆಯೆ, ಹೆಗಲು ಬಾತಿದೆಯೆ, ಉಸಿರು ಎಳೆಯುತ್ತಿದೆಯೆ ಎಂಬುದೆಲ್ಲ ಆ ಪರೀಕ್ಷೆಯಲ್ಲಿಯೇ ಹೊರಬೀಳುತ್ತಿದ್ದಿತು. ಇನ್ನು ದನವನ್ನು ಎಣಿಸುವಾಗ ಬಳಸುವ ‘ರಾಸು’ ಎಂಬ ಮಾತು ತಲೆಯೆಂಬ ಅರ್ಥದ ಅರಬ್ಬೀ ಮಾತಿನಿಂದ ಹಿಂದೂಸ್ತಾನಿಯ ಮೂಲಕ ನಮಗೆ ಬಂದುದು. ನವಾಬರೂ ಸಾಹೇಬರೂ ಬಂದು ಹೋದರು. ಎಣಿಕೆಯ ಮಾತು ಮಾಳದಲ್ಲಿ ಉಳಿದುಕೊಂಡಿತು.

ಎಲ್ಲಕ್ಕಿಂತ ನನ್ನನ್ನು ಬೆರಗುಗೊಳಿಸಿದುದು ಟವಲ್ಲಿನ ವ್ಯಾಪಾರ. ಕೊಳ್ಳುವವನೂ ಮಾರುವವನೂ ಎದುರುಬದುರಾಗಿ ನಿಂತು ಒಂದು ಟವಲ್ಲಿನ ಕೆಳಗೆ ಕೈ ಕೂಡಿಸುತ್ತಾರೆ. ಒಬ್ಬನ ಬೆರಳನ್ನು ಇನ್ನೊಬ್ಬ ಹಿಡಿಯುತ್ತಾನೆ. ಹಿಡಿದ ಬೆರಳಿನ ಎಣಿಕೆಯೇ ಬೆಲೆಯ ಎಣಿಕೆ. ಅದು ನೂರೋ ಸಾವಿರವೋ ಎಂಬುದು ಎತ್ತನ್ನು ಕಂಡ ಗಳಿಗೆಯಲ್ಲೇ ಇಬ್ಬರಿಗೂ ತಿಳಿದಿರುತ್ತದೆ. ಮುಖದ ಮೇಲೆ ಏನೂ ಕಾಣದು. ಬಾಯಲ್ಲಿ ಮಳೆಯ ಮಾತೋ ಮಗಳ ಮದುವೆಯ ಮಾತೋ ನಡೆಯುತ್ತಿರುತ್ತದೆ. ಸುತ್ತ ನೂರು ಜನ ನಿಂತಿದ್ದರೂ ಬೆಲೆ ಅವರಿಬ್ಬರ ನಡುವಿನದು. ವ್ಯಾಪಾರ ಮುರಿದರೆ ಮಾರುವವನ ಮಾನ ಹೋಗದು. ಮೂರನೆಯವನು ಬಂದರೆ ಹಳೆಯ ಬೆಲೆಯ ಸುಳಿವೂ ಸಿಗದು.

ನಮ್ಮ ಕಂಪಲಾಪುರಕ್ಕೆ ಇನ್ನೊಂದು ವ್ಯಾಪಾರದ ಖ್ಯಾತಿಯೂ ಇದೆ. 1976ರಲ್ಲಿ ಆರಂಭವಾದ ತಂಬಾಕು ಮಂಡಳಿಯ ಹರಾಜು ಕಟ್ಟೆಗಳಲ್ಲಿ ನಮ್ಮೂರಿನದೂ ಒಂದು. ಹುಣಸೂರು, ಪಿರಿಯಾಪಟ್ಟಣ, ಕೋಟೆ, ಕೃಷ್ಣರಾಜನಗರಗಳ ಕೆಂಪು ಹೊಲಗಳಲ್ಲಿ ಬೆಳೆದು ಬ್ಯಾರನ್ನುಗಳಲ್ಲಿ ಸೌದೆಯ ಶಾಖಕ್ಕೆ ಹದವಾದ ಹೊಗೆಸೊಪ್ಪು ಜಾತ್ರೆಯ ಸುಗ್ಗಿಯಲ್ಲಿಯೇ ಅಲ್ಲಿ ಮಾರಾಟವಾಗುತ್ತದೆ. ಈಗ ಅದು ಯಂತ್ರದ ಹರಾಜು. ವ್ಯಾಪಾರಿಯ ಅಂಗೈಯಲ್ಲಿ ಸಣ್ಣದೊಂದು ಯಂತ್ರ, ಗುಂಡಿ ಒತ್ತಿದರೆ ಬೆಲೆ. ಬೆರಳಿನ ಕೆಲಸವೇ, ಟವಲ್ಲೊಂದಿಲ್ಲ. ನಾನು ಹೊಗೆಸೊಪ್ಪನ್ನು ಹಳಿಯಲಾರೆ. ನಮ್ಮ ಮನೆಯ ಹೆಂಚು, ತಂಗಿಯ ಮದುವೆ ಎರಡೂ ಅದರಿಂದ ಆದವು. ಆದರೆ ಆಡು ಮುಟ್ಟದ ಸೊಪ್ಪಿಲ್ಲವೆಂಬ ಗಾದೆಯನ್ನು ಕಟ್ಟಿದವನು ನಮ್ಮ ಸೀಮೆಯವನಾಗಿರಲಾರ. ಹೊಗೆಸೊಪ್ಪಿನ ಹೊಲದಿಂದ ದನಕ್ಕೆ ಒಂದು ಹಿಡಿ ಮೇವೂ ಬಾರದು. ಸೊಪ್ಪಿನ ಹಿಂದೆ ರಾಗಿಯನ್ನೋ ಹುರುಳಿಯನ್ನೋ ಹಾಕಿದರೆ ಉಂಟು, ಇಲ್ಲವಾದರೆ ಇಲ್ಲ. ಮೆದೆ ಕಿರಿದಾಯಿತು. ಸಾಲಿನ ನಡುವೆ ಕುಂಟೆ ಹೊಡೆಯಲು ಎತ್ತು ಬೇಕೆಂಬುದು ನಿಜ. ಆದರೆ ಅದು ಕೆಲವು ದಿನಗಳ ಕೆಲಸ. ಉಳುವುದಕ್ಕೆ ಟ್ರಾಕ್ಟರು ಬಂದಿತು, ಟಿಲ್ಲರು ಬಂದಿತು. ಕೆಲವು ದಿನಗಳ ಕುಂಟೆಗಾಗಿ ವರ್ಷವಿಡೀ ಒಂದು ಜೋಡಿಯನ್ನು ಸಾಕುವುದು ಹೇಗೆ? ಈ ಲೆಕ್ಕವನ್ನು ನಮ್ಮ ಸೀಮೆಯ ಮನೆಮನೆಯಲ್ಲೂ ಒಂದಲ್ಲ ಒಂದು ರಾತ್ರಿ ಹಾಕಿದ್ದಾರೆ.

ನಮ್ಮ ಮನೆಯಲ್ಲಿ ಅದನ್ನು ಹಾಕಿದ ರಾತ್ರಿ ಲೆಕ್ಕದಲ್ಲಿ ನಾನೂ ಇದ್ದೆ. ಮಾನಸಗಂಗೋತ್ರಿಯಲ್ಲಿ ಎಂ.ಎ. ಓದಲು ಸೇರಿದ್ದೆ, ಆ ವರ್ಷದ ಸೊಪ್ಪಿಗೆ ಬೆಲೆ ಬಂದಿರಲಿಲ್ಲ, ಹಾಸ್ಟೆಲಿನ ಬಾಕಿ ಏರಿದ್ದಿತು. 2001ರ ಜನವರಿಯಲ್ಲಿ ಅಪ್ಪ ನಮ್ಮ ಜೋಡಿಯನ್ನು ಚುಂಚನಕಟ್ಟೆಗೆ ಹೊಡೆದುಕೊಂಡು ಹೋದ. ಆರು ಹಲ್ಲಿನವು, ಮನೆಯ ಹಸುವಿನವೇ, ಒಂದರ ಹಿಂದೆ ಒಂದು ವರ್ಷ ಹುಟ್ಟಿದವು. ನಾನು ಜೊತೆಗೆ ಹೋಗಲಿಲ್ಲ. ಕಿರುಪರೀಕ್ಷೆಯಿತ್ತೆಂಬುದು ನಾನು ಹೇಳಿದ ಕಾರಣ. ಪರೀಕ್ಷೆಯಿದ್ದುದು ನಿಜ, ಆದರೆ ಅದು ಇಲ್ಲದಿದ್ದರೆ ಹೋಗುತ್ತಿದ್ದೆನೆ ಎಂಬುದಕ್ಕೆ ಈಗಲೂ ನನ್ನ ಬಳಿ ಉತ್ತರವಿಲ್ಲ. ಹದಿನೆಂಟು ಸಾವಿರಕ್ಕೆ ವ್ಯಾಪಾರವಾಯಿತು. ಕೊಂಡವರು ಉಳುವವರೇ ಎಂಬುದನ್ನು ಅಪ್ಪ ಅವರ ಅಂಗೈ ನೋಡಿ ಗೊತ್ತುಮಾಡಿಕೊಂಡನಂತೆ. ಮಾರಿದ ದನವನ್ನು ಕೊಟ್ಟರೂ ಹಗ್ಗವನ್ನು ಕೊಡಬಾರದೆಂಬುದು ನಮ್ಮ ಮನೆಯ ಪದ್ಧತಿ. ಕೊಂಡವರು ತಾವು ತಂದ ಹೊಸ ಹಗ್ಗ ಹಾಕಿಕೊಂಡರು. ಅಪ್ಪ ಹಳೆಯ ಹಗ್ಗಗಳೆರಡನ್ನೂ ಹೆಗಲ ಮೇಲೆ ಹಾಕಿಕೊಂಡು ಬಸ್ಸಿನಲ್ಲಿ ಬಂದ. ಅವು ಬ್ಯಾರನ್ನಿನ ಗಳುವಿನಲ್ಲಿ ಇಂದಿಗೂ ತೂಗುತ್ತಿವೆ. ಆ ಹಣದಿಂದ ನಾನು ಪಂಪನನ್ನೂ ಕುಮಾರವ್ಯಾಸನನ್ನೂ ಓದಿದೆ. ವೀರಗಲ್ಲುಗಳ ಮೇಲೆ ಒಂದು ಪ್ರಬಂಧವನ್ನು ಬರೆದೆ. ತುರುಗೋಳಿನಲ್ಲಿ ತನ್ನೂರ ದನವನ್ನು ಬಿಡಿಸಿಕೊಂಡು ಮಡಿದವರ ಕಲ್ಲುಗಳು ನಮ್ಮ ನಾಡಿನಲ್ಲಿ ಎಷ್ಟಿವೆಯೆಂದು ಬಣ್ಣಿಸಿದ ಆ ಪ್ರಬಂಧಕ್ಕೆ ಒಳ್ಳೆಯ ಅಂಕಗಳು ಬಂದವು.

ಹಟ್ಟಿಯಲ್ಲಿ ಎತ್ತು ಇಲ್ಲದ ಮೇಲೆಯೂ ಅಪ್ಪ ಜಾತ್ರೆಯನ್ನು ಬಿಡಲಿಲ್ಲ. ಪ್ರತಿ ಸಂಕ್ರಾಂತಿಗೆ ಮುಂಚೆ ಒಂದು ದಿನ ಬಸ್ಸು ಹತ್ತಿ ಹೋಗಿ, ನಮ್ಮೂರ ಮರದ ಕೆಳಗೆ ಕುಳಿತು ಬರುತ್ತಿದ್ದ. ಆ ಮರದ ಕೆಳಗೆ ಇಳಿಯುವವರು ವರ್ಷ ವರ್ಷಕ್ಕೆ ಕಡಮೆಯಾದರು. ಇದು ನಮ್ಮೂರೊಂದರ ಕಥೆಯಲ್ಲ. 2012ರ ಗಣತಿಯಲ್ಲಿ ಕರ್ನಾಟಕದಲ್ಲಿ ಸುಮಾರು 95 ಲಕ್ಷವಿದ್ದ ದನಗಳು 2019ರಲ್ಲಿ ಸುಮಾರು 85 ಲಕ್ಷಕ್ಕೆ ಇಳಿದವು. ಉಳಿದವುಗಳಲ್ಲಿಯೂ ಡೈರಿಗೆ ಹಾಲು ಕೊಡುವ ಸೀಮೆಹಸುಗಳ ಪಾಲು ಏರುತ್ತಿದೆ. ಆ ಹಸುವನ್ನು ಯಾರೂ ಜಾತ್ರೆಗೆ ನಡೆಸಿಕೊಂಡು ಹೋಗುವುದಿಲ್ಲ. ಅದು ನಡೆಯುವ ಜಾತಿಯೂ ಅಲ್ಲ. ಮೇಯಲು ನೆಲವೆಲ್ಲಿ ಎಂಬುದು ಬೇರೆಯ ಪ್ರಶ್ನೆ. ನೂರು ರಾಸುಗಳಿಗೆ ಹನ್ನೆರಡು ಹೆಕ್ಟೇರಿನಂತೆ ಗೋಮಾಳವಿರಬೇಕೆಂದು 1966ರ ಭೂಕಂದಾಯ ನಿಯಮಗಳು ಹೇಳುತ್ತವೆ. ಒಳ್ಳೆಯ ನಿಯಮವೇ. ಆದರೆ ಅದನ್ನು ತಿರುಗಿಸಿ ಓದಿ ನೋಡಿ: ದನ ಕಡಮೆಯಾದರೆ ಗೋಮಾಳವನ್ನೂ ಕಡಮೆ ಮಾಡಬಹುದು, ಗೋಮಾಳ ಕಡಮೆಯಾದರೆ ದನ ತಾನಾಗಿಯೇ ಕಡಮೆಯಾಗುತ್ತದೆ. ಅಮೃತ್ ಮಹಲಿನ ಕಾವಲುಗಳಿಗೂ ಇದೇ ಗತಿ. ಚಳ್ಳಕೆರೆಯ ಕಡೆಯ ಕಾವಲುಗಳಲ್ಲಿ ಸಾವಿರಾರು ಎಕರೆ ಈ ಶತಮಾನದಲ್ಲಿ ವಿಮಾನ, ಅಣು, ಆಕಾಶಗಳ ವಿಜ್ಞಾನಕ್ಕೆ ಸಂದಿತು. ಅವೂ ನಾಡಿಗೆ ಬೇಕಾದವೇ. ಹುಲ್ಲು ಮಾತ್ರ ವಿಜ್ಞಾನವೆಂದು ಯಾರಿಗೂ ತೋರದೆ ಹೋಯಿತು.

ಜಾತ್ರೆಗೆ ರೋಗದ ಭಯ ಹಿಂದಿನಿಂದಲೂ ಇದ್ದದ್ದೇ. ನೂರಾರು ಊರಿನ ದನ ಒಂದೇ ಮಾಳದಲ್ಲಿ ಉಸಿರಾಡಿದರೆ ರೋಗಕ್ಕೂ ಅದೇ ಜಾತ್ರೆ. ನಮ್ಮ ಅಜ್ಜಂದಿರನ್ನು ನಡುಗಿಸುತ್ತಿದ್ದ ದೊಡ್ಡರೋಗ ಇಡೀ ಭೂಮಂಡಲದಿಂದಲೇ ತೊಲಗಿತೆಂದು 2011ರಲ್ಲಿ ಸಾರಲಾಯಿತು. ಸಿಡುಬಿನ ಹೊರತು ಮನುಷ್ಯನು ಹೀಗೆ ಪೂರಾ ಗೆದ್ದ ರೋಗ ಇದೊಂದೇ. ಆದರೆ 2013ರಲ್ಲಿ ಕಾಲುಬಾಯಿ ಜ್ವರ ಬಂದು ರಾಜ್ಯದಲ್ಲಿ ಸಾವಿರಾರು ದನಗಳನ್ನು ಕೊಂದಿತು. 2022ರಲ್ಲಿ ಚರ್ಮಗಂಟು ರೋಗ ಹಬ್ಬಿದಾಗ ಎಷ್ಟೋ ಜಿಲ್ಲೆಗಳಲ್ಲಿ ದನದ ಸಂತೆ ಜಾತ್ರೆಗಳನ್ನು ನಿಷೇಧಿಸಿದರು. ನಡುವೆ 2021ರಲ್ಲಿ ಜಾರಿಗೆ ಬಂದ ಗೋಹತ್ಯೆ ನಿಷೇಧದ ಹೊಸ ಕಾನೂನು. ಅದರ ಸರಿ ತಪ್ಪುಗಳ ಚರ್ಚೆ ಈ ಲೇಖನದ ವಸ್ತುವಲ್ಲ. ಲಾರಿಯಲ್ಲಿ ಎತ್ತು ಸಾಗಿಸುವವನು ಉಳುವವನೇ ಆಗಿದ್ದರೂ ಕಾಗದಪತ್ರಕ್ಕಾಗಿ ಅಲೆಯಬೇಕಾಯಿತೆಂಬುದನ್ನೂ, ದುಡಿಯಲಾರದ ಎತ್ತನ್ನು ಏನು ಮಾಡಬೇಕೆಂಬ ಪ್ರಶ್ನೆ ಒಕ್ಕಲಿಗನ ಹಟ್ಟಿಯಲ್ಲಿಯೇ ಉಳಿಯಿತೆಂಬುದನ್ನೂ ಮಾತ್ರ ಹೇಳಬೇಕು.

ಚರ್ಮಗಂಟಿನ ಹಾವಳಿ ಇಳಿದು ಜಾತ್ರೆ ಮತ್ತೆ ಸೇರಿತೆಂಬ ಸುದ್ದಿ ಬಂದಾಗ ಅಪ್ಪ, “ಈಸಲ ನೀನೇ ಕರ್ಕೊಂಡೋಗ್ಲಾ. ಬಸ್ಸತ್ತಕ್ಕೆ ಮಂಡಿ ಒಪ್ಪಾಕಿಲ್ಲ” ಎಂದ. ಎಂಬತ್ತರ ಹತ್ತಿರದ ವಯಸ್ಸು. ಗಂಗೆದೊಗಲಿನ ಉತ್ತರ ಹೇಳಿದ ಹುಡುಗಿ ಈ ವಿಷಯವನ್ನು ಕೇಳಿ ತಾನೂ ತನ್ನ ಇಬ್ಬರು ಗೆಳತಿಯರೂ ಬರುವೆವೆಂದಳು. ದನಕರುಗಳಿಗೆ ಸಂಬಂಧಿಸಿದ ಮಾತುಗಳನ್ನು ಕೂಡಿಸಿ ಪ್ರಬಂಧ ಬರೆಯುವ ಆಸೆ ಅವಳದು. ಹೀಗೆ ಒಂದು ಬಾಡಿಗೆ ಕಾರಿನಲ್ಲಿ ನಾವು ಐವರು ಹೋದೆವು. ಎರಡು ದಿನದ ದಾರಿ ಒಂದು ಗಂಟೆಯಷ್ಟಾಗಿದ್ದಿತು.

ಮಾಳದ ಸೊಬಗಿಗೆ ಕುಂದಿರಲಿಲ್ಲ. ನಿಜ ಹೇಳಬೇಕೆಂದರೆ ಅಷ್ಟು ಸೊಬಗನ್ನು ನಾನು ಹುಡುಗನಾಗಿದ್ದಾಗ ಕಂಡಿರಲೇ ಇಲ್ಲ. ಒಳ್ಳೆಯ ಜೋಡಿಗಳಿಗೆ ಬಣ್ಣಬಣ್ಣದ ಪೆಂಡಾಲು, ನೆಲಕ್ಕೆ ಹಾಸು, ವಿದ್ಯುದ್ದೀಪದ ಅಲಂಕಾರ. ವಾದ್ಯದೊಡನೆ ಮೆರವಣಿಗೆಯಲ್ಲಿ ಬಂದು ಇಳಿದ ಹೋರಿಗಳು. ಲಕ್ಷ ಲಕ್ಷಗಳ ಮಾತು. ಹೋರಿಯ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುವ ಹುಡುಗರ ನೂಕುನುಗ್ಗಲು. ಇವನ್ನು ಸಾಕುವವರ ಪ್ರೀತಿಯನ್ನು ನಾನು ಅನುಮಾನಿಸಲಾರೆ. ಹಳ್ಳಿಕಾರ್ ತಳಿಯ ರಕ್ತ ಕೆಡದಂತೆ ಉಳಿದಿದ್ದರೆ ಇಂಥವರ ಹಟದಿಂದಲೂ ಉಳಿದಿದೆ. ಆದರೆ ಅಪ್ಪ ಪೆಂಡಾಲುಗಳನ್ನೆಲ್ಲ ಸುಮ್ಮನೆ ನೋಡುತ್ತ ದಾಟಿದ. ಒಂದು ಕಡೆ ಮಾತ್ರ ನಿಂತು ಹೋರಿಯ ಹೆಗಲನ್ನು ಸವರಿ ನೋಡಿ, “ನೊಗ ಕಂಡಿಲ್ಲ” ಎಂದ. ಹೊಗಳಿಕೆಯೋ ದೂರೋ ಎಂದು ಆ ಯಜಮಾನರಿಗೆ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ. ನಡುವಿನ ದನವೇ ಅಲ್ಲಿ ಕಡಮೆಯಾಗಿದ್ದಿತು. ಮೆರೆಸುವ ಹೋರಿಯಿದೆ, ಕಟ್ಟಲಾರದೆ ತಂದ ಮುದಿ ಎತ್ತೂ ಇದೆ. ಉಳುವವನು ಉಳುವವನಿಗೆ ಮಾರುವ ಸಾಧಾರಣ ಜೋಡಿಯನ್ನು ಹುಡುಕಬೇಕಾಯಿತು.

ನಮ್ಮೂರ ಮರದ ಕೆಳಗೆ ಕಬ್ಬಿನಹಾಲಿನ ಅಂಗಡಿ ಬಂದಿದ್ದಿತು. ಅದರಾಚೆ ಕೊಂಚ ದೂರದಲ್ಲಿ, ಹಾಸಿಲ್ಲದೆ ಪೆಂಡಾಲಿಲ್ಲದೆ, ಒಂದು ಸಾಧಾರಣ ಜೋಡಿಯನ್ನು ಕಟ್ಟಿಕೊಂಡು ಮಧ್ಯವಯಸ್ಸಿನ ರೈತರೊಬ್ಬರು ಕುಳಿತಿದ್ದರು. ಅಪ್ಪ ಅಲ್ಲಿ ನಿಂತ.

“ಯಾವೂರಾಯ್ತಪ್ಪ?” ಎಂದು ಕೇಳಿದ.

“ಕೋಟೆ ಕಡೇರು ಯಜಮಾನ್ರೇ. ಕಾಡಂಚು” ಎಂದರು ಅವರು.

“ಹಲ್ಲು?”

“ನೀವೇ ನೋಡಿ.”

ಅಪ್ಪ ನೋಡಲಿಲ್ಲ, ಹುಡುಗಿಯ ಕಡೆ ತಿರುಗಿ, “ಬಾ ಮಗ, ನೋಡೀಯಂತೆ” ಎಂದ. ಅವಳು ಒಂದು ಗಳಿಗೆ ನನ್ನ ಮುಖ ನೋಡಿದಳು. ಪುಸ್ತಕವನ್ನು ಗೆಳತಿಯ ಕೈಗೆ ಕೊಟ್ಟು ಮುಂದೆ ಬಂದಳು. ಎಡಗೈಯಲ್ಲಿ ಮೂಗುದಾರ ಹಿಡಿದು ಬಲಗೈಯ ಹೆಬ್ಬೆರಳಿನಿಂದ ಕೆಳದುಟಿಯನ್ನು ಮೆಲ್ಲನೆ ಮಡಿಸುವುದನ್ನು ಅಪ್ಪ ತೋರಿಸಿಕೊಟ್ಟ. ಎತ್ತು ಒಮ್ಮೆ ತಲೆ ಕೊಡವಿತು. ಅವಳು ಹಿಂದೆ ಸರಿಯಲಿಲ್ಲ. ಬಗ್ಗಿ ನೋಡಿ, “ದೊಡ್ಡವು ಆರು ತಾತ, ಕೊನೇಲಿ ಎರಡು ಚಿಕ್ಕವು” ಎಂದಳು. “ಆರಲ್ಲು. ಇನ್ನೊಂದೊರ್ಸಕ್ಕೆ ಬಾಯ್ಗೂಡ್ತದೆ. ಬರ್ಕೊ” ಎಂದ ಅಪ್ಪ. ಅವಳ ಕೈ ಎತ್ತಿನ ಜೊಲ್ಲಿನಲ್ಲಿ ನೆನೆದಿದ್ದರಿಂದ ಗೆಳತಿಯೇ ಬರೆದುಕೊಳ್ಳಬೇಕಾಯಿತು.

ಆಮೇಲೆ ಆ ರೈತರು, ಕೊಳ್ಳುವವರಲ್ಲವೆಂದು ತಿಳಿದೂ, ಗೌರವಕ್ಕೋ ವಿನೋದಕ್ಕೋ ಹೆಗಲ ಮೇಲಿನ ಟವಲ್ಲನ್ನು ತೆಗೆದು ಅಪ್ಪನ ಕೈ ಮೇಲೆ ಹಾಕಿದರು. ಇಬ್ಬರ ಕೈಗಳೂ ಅದರ ಕೆಳಗೆ ಹೋದವು. ಬಾಯಲ್ಲಿ ಆನೆಯ ಕಾಟದ ಮಾತು ನಡೆಯುತ್ತಿದ್ದಿತು: ಹೋದ ತಿಂಗಳು ಎಷ್ಟು ಬಂದವು, ಯಾರ ರಾಗಿ ತುಳಿದವು ಎಂದು. ಟವಲ್ಲು ಒಂದೆರಡು ಸಲ ಅಲುಗಿತು. ಅಪ್ಪ ಒಮ್ಮೆ ತಲೆಯಾಡಿಸಿದ, ಅವರು ನಕ್ಕರು, ಕೈಗಳು ಬೇರೆಯಾದವು. ಜೋಡಿಯ ಕಡೆ ಇನ್ನೊಮ್ಮೆ ನೋಡಿ ಅಪ್ಪ ಹೊರಟ.

ಕಾರಿನಲ್ಲಿ ಕುಳಿತ ಮೇಲೆ ನಾನು ತಡೆಯಲಾರದೆ, “ಎಷ್ಟು ಹಿಡಿದೆಯಪ್ಪ?” ಎಂದು ಕೇಳಿದೆ.

“ಟವಲ್ನೊಳಗಿನ ಮಾತ ವರಗೆ ಆಡಬಾರ್ದು ಕಣ್ಲಾ” ಎಂದ ಅಪ್ಪ.

ಹುಣಸೂರು ದಾಟುವವರೆಗೂ ಹುಡುಗಿಯರು ಹಿಂದೆ ಕುಳಿತು ಒಬ್ಬರ ಬೆರಳನ್ನೊಬ್ಬರು ದುಪಟ್ಟಾದ ಕೆಳಗೆ ಹಿಡಿದು ನಗುತ್ತಿದ್ದರು.